ತುಮಕೂರಲ್ಲಿ ಕೂತು ಮ್ಯಾಚ್ ರೇಸಿಂಗ್ ಕಲಿಯೋದು: ಮೊದಲು ಸೈಕಲ್, ಆಮೇಲೆ ದೋಣಿ

ನಮ್ಮ ಚಿಕ್ಕಮ್ಮನ ಮಗಳು ಬಿ.ಕಾಂ ಎರಡನೇ ವರ್ಷ, ಅವಳೂ ಅವಳ ಮೂರು ಜನ ಫ್ರೆಂಡ್ಸೂ ಒಂದಿನ ಮನೆಗೆ ಬಂದು "ಅಕ್ಕಾ, ನೀನು ಹಾಯಿದೋಣಿ ಓಡಿಸ್ತೀಯಂತಲ್ಲ, ಅದರಲ್ಲಿ ಇಬ್ಬರೇ ಎದುರುಬದುರು ಆಡೋ ರೇಸ್ ಇದೆಯಂತೆ, ನಮಗೂ ಹೇಳ್ಕೊಡು" ಅಂದ್ರು. ಒಳಗಿಂದ ನಮ್ಮಮ್ಮ "ಸಮುದ್ರ ಇಲ್ಲದ ಊರಲ್ಲಿ ಎಂಥ ದೋಣಿನೇ" ಅಂತ ಗೊಣಗಿದ್ರು. ಅಮ್ಮನ ಮಾತು ಅರ್ಧ ಸರಿ. ಊರಲ್ಲಿ ಅಮಾನಿಕೆರೆ ಇದೆ, ಕುಣಿಗಲ್ ಕಡೆ ಹೋದ್ರೆ ಮಾರ್ಕೋನಹಳ್ಳಿ ಡ್ಯಾಂ ಇದೆ, ಆದ್ರೆ ಹಾಯಿ ಕಟ್ಕೊಂಡು ರೇಸ್ ಕಲಿಯೋ ಜಾಗ ಅಂತ ನನಗೆ ಸಿಕ್ಕಿದ್ದು ಊರು ಬಿಟ್ಟ ಮೇಲೇನೆ, ಮೊದಲು ಬೆಂಗಳೂರು, ಆಮೇಲೆ ಕೆಲಸಕ್ಕೆ ಹೋದ ಹೈದರಾಬಾದ್. ಆದ್ರೆ ಈಗ ತಿರುಗಿ ನೋಡಿದ್ರೆ ಅನ್ಸುತ್ತೆ, ಮ್ಯಾಚ್ ರೇಸಿಂಗ್‌ನಲ್ಲಿ ತಲೆಗೆ ಹತ್ತಬೇಕಾದ ಅರ್ಧಕ್ಕಿಂತ ಜಾಸ್ತಿ ವಿಷಯಾನ ನಾನು ನೀರು ಮುಟ್ಟದೇನೇ ತುಮಕೂರಲ್ಲಿ ಕಲ್ತು ಹೋಗಬಹುದಿತ್ತು, ಸುಮ್ನೆ ನೀರ ಮೇಲೆ ಎರಡು ವರ್ಷ ವೇಸ್ಟ್ ಮಾಡ್ದೆ. ಆ ನಾಲ್ಕು ಜನಕ್ಕೆ ಭಾನುವಾರ ಭಾನುವಾರ ಕಾಲೇಜ್ ಗ್ರೌಂಡಲ್ಲಿ ಹೇಳ್ಕೊಟ್ಟಿದ್ದನ್ನೇ ಇಲ್ಲಿ ಬರೀತಿದೀನಿ.

ಏನಿದು ಮ್ಯಾಚ್ ರೇಸ್

ಮಾಮೂಲಿ ಸೇಯ್ಲಿಂಗ್ ರೇಸಲ್ಲಿ ಇಪ್ಪತ್ತು ಮೂವತ್ತು ದೋಣಿ ಒಟ್ಟಿಗೆ ಹೊರಡ್ತವೆ, ಅದಕ್ಕೆ ಫ್ಲೀಟ್ ರೇಸ್ ಅಂತಾರೆ, ಅಲ್ಲಿ ಐದನೇ ಸ್ಥಾನ ಬಂದ್ರೂ ಪಾಯಿಂಟ್ ಇದೆ. ಮ್ಯಾಚ್ ರೇಸಲ್ಲಿ ಎರಡೇ ದೋಣಿ, ಎರಡೂ ಒಂದೇ ಥರದ್ದು, ಗೆದ್ದೋರು ಒಬ್ರು ಸೋತೋರು ಒಬ್ರು, ಮುಗೀತು. ನೀವು ಆಮೆ ಥರ ಹೋದ್ರೂ ಪರವಾಗಿಲ್ಲ ಎದುರಿನೋಳು ನಿಮಗಿಂತ ಹಿಂದೆ ಇದ್ರೆ ಸಾಕು. ಅದಕ್ಕೇ ಇದು ಓಟಕ್ಕಿಂತ ಕಬಡ್ಡಿಗೆ ಹತ್ತಿರ. ನಮ್ಮ ನಾಲ್ವರಲ್ಲಿ ಒಬ್ಬಳು ಹೈಸ್ಕೂಲಲ್ಲಿ ತಾಲೂಕು ಲೆವೆಲ್ ಕಬಡ್ಡಿ ಆಡಿದೋಳು, ಅವಳಿಗೆ ಇದು ಹತ್ತಿದಷ್ಟು ಬೇಗ ಉಳಿದ ಮೂವರಿಗೆ ಹತ್ತಲಿಲ್ಲ, ಯಾಕಂದ್ರೆ ಕಣ್ಣು ಗೆರೆ ಮೇಲಲ್ಲ ಎದುರಿನೋಳ ಕಾಲಿನ ಮೇಲಿರಬೇಕು ಅನ್ನೋದು ಅವಳಿಗೆ ಮೊದಲೇ ಗೊತ್ತಿತ್ತು.

ಅಮೆರಿಕಾಸ್ ಕಪ್ ಅಂತ ಕೇಳಿರ್ತೀರ, 1851ರಿಂದ ಬಂದಿರೋ ಟ್ರೋಫಿ, ಅದರ ಕೊನೆಯ ಹೋರಾಟ ಇದೇ ಒನ್ ಟು ಒನ್ ಥರದ್ದು. ಹೆಂಗಸರಿಗೆ ಅಂತಾನೇ ಇದು ಒಲಿಂಪಿಕ್ಸ್‌ಗೆ ಬಂದಿದ್ದು ಒಂದೇ ಸಲ, 2012ರ ಲಂಡನ್. ರೇಸ್ ನಡೆದಿದ್ದು ವೇಮತ್ ಅನ್ನೋ ಕಡಲ ಊರಲ್ಲಿ, ಎಲಿಯಟ್ 6 ಮೀಟರ್ ದೋಣಿ, ಒಂದೊಂದರಲ್ಲಿ ಮೂರು ಜನ ಹುಡುಗೀರು. ಫೈನಲಲ್ಲಿ ಸ್ಪೇನ್ ಆಸ್ಟ್ರೇಲಿಯಾನ 3-2ರಲ್ಲಿ ಸೋಲಿಸ್ತು, ನಡುವೆ ಒಂದು ರೇಸಲ್ಲಿ ಆಸ್ಟ್ರೇಲಿಯಾದ ಸ್ಕಿಪ್ಪರ್ ಒಲಿವಿಯಾ ಪ್ರೈಸ್ ದೋಣಿಯಿಂದ ನೀರಿಗೇ ಬಿದ್ದುಬಿಟ್ಲು. ಫಿನ್‌ಲ್ಯಾಂಡ್‌ಗೆ ಕಂಚು. 2016ಕ್ಕೆ ಇದನ್ನ ಒಲಿಂಪಿಕ್ಸಿಂದ ತೆಗೆದ್ರು, ನನಗಂತೂ ಇನ್ನೂ ಹೊಟ್ಟೆ ಉರಿಯುತ್ತೆ. ನಮ್ಮ ದೇಶಕ್ಕೂ 2010ರ ಗ್ವಾಂಗ್‌ಝೌ ಏಷ್ಯನ್ ಗೇಮ್ಸಲ್ಲಿ ಮ್ಯಾಚ್ ರೇಸಿಂಗ್ ಕಂಚು ಬಂದಿದೆ, ಅದು ಗಂಡಸರ ಟೀಮು. ಅಮೆರಿಕದ ಕಾಲೇಜುಗಳಲ್ಲಿ ಇದಕ್ಕೇ ಬೇರೆ ನ್ಯಾಷನಲ್ ಚಾಂಪಿಯನ್‌ಶಿಪ್ ಇದೆ, ಕಾಲೇಜ್ ಹುಡುಗೀರು ಆಡೋ ಆಟಾನೇ ಇದು, ನಾವೇನೂ ಹೊಸದಾಗಿ ಕಂಡುಹಿಡೀತಾ ಇಲ್ಲ.

ಮೊದಲು ಈಜು, ಇದರಲ್ಲಿ ಚೌಕಾಸಿ ಇಲ್ಲ

ಊರಲ್ಲಿರೋ ಪೂಲಿಗೆ ಸೇರ್ಕೊಂಡು ಮೂರು ತಿಂಗಳು ಈಜು ಕಲೀರಿ. ಬಟ್ಟೆ ಹಾಕ್ಕೊಂಡೇ ಐವತ್ತು ಮೀಟರ್ ಈಜೋಕೆ, ಒಂದೇ ಜಾಗದಲ್ಲಿ ಐದತ್ತು ನಿಮಿಷ ಗಾಬರಿ ಇಲ್ದೆ ತೇಲೋಕೆ ಬರಬೇಕು. ಲೈಫ್ ಜಾಕೆಟ್ ಇರುತ್ತಲ್ಲ ಅಂತೀರ, ಇರುತ್ತೆ, ಆದ್ರೆ ದೋಣಿ ಮಗುಚಿದಾಗ ಹಾಯಿಯ ಕೆಳಗೆ ಸಿಕ್ಕೊಂಡ್ರೆ ತಲೆ ಮೇಲೆ ಒದ್ದೆ ಬಟ್ಟೆ ಅಂಟ್ಕೊಂಡು ಉಸಿರಿಗೆ ಜಾಗ ಇಲ್ಲ ಅನ್ನಿಸಿ ಹೆದರಿಕೆ ಬರುತ್ತಲ್ಲ, ಆ ಕ್ಷಣಕ್ಕೆ ಜಾಕೆಟ್ಟಿಗಿಂತ ಅಭ್ಯಾಸ ಕೆಲಸಕ್ಕೆ ಬರೋದು. ಹಾಯಿಯನ್ನ ಕೈಯಿಂದ ಮೇಲೆತ್ತಿದ್ರೆ ಗಾಳಿ ಗುಳ್ಳೆ ಆಗುತ್ತೆ, ಉಸಿರು ತಗೊಂಡು ಅಂಚಿನ ಕಡೆ ಸರೀಬೇಕು, ಅಷ್ಟೇ.

ಇನ್ನೊಂದು. ನಮ್ಮ ಕಡೆ ಕೃಷಿಹೊಂಡ, ಹೇಮಾವತಿ ಚಾನಲ್, ಕ್ವಾರಿ ಹೊಂಡಗಳಲ್ಲಿ ಈಜಿ ಕಲ್ತೆ ಅನ್ನೋ ಹುಡುಗರ ಮಾತು ಕೇಳಿ ಅಲ್ಲಿಗೆ ಹೋಗ್ಬೇಡಿ. ಹೊಂಡದ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿ ಜಾರುತ್ತೆ, ಇಳಿದೋರಿಗೆ ಹತ್ತೋಕಾಗಲ್ಲ. ಹಾಗೇ ಯಾವ ಕೆರೆಗೂ ಪರ್ಮಿಷನ್ ಇಲ್ದೆ, ರಕ್ಷಣೆಗೆ ಒಂದು ಮೋಟಾರ್ ಬೋಟ್ ಇಲ್ದೆ ಹಾಯಿದೋಣಿ ಇಳಿಸೋ ಐಡಿಯಾನೂ ಬೇಡ.

ಗಾಳಿ ಓದೋದು ಅಜ್ಜಿ ಹತ್ರ ಕಲೀರಿ

ಇದು ತಮಾಷೆಗೆ ಹೇಳ್ತಿಲ್ಲ. ಗಾಳಿ ಬಂದಾಗ ತೂರಿಕೋ ಅಂತ ಗಾದೆ ಇದೆಯಲ್ಲ, ಕಣದಲ್ಲಿ ರಾಗಿ ತೂರಿದೋರಿಗೆ ಗಾಳಿ ಎಲ್ಲಿಂದ ಬರ್ತಿದೆ, ಇನ್ನೆಷ್ಟು ಹೊತ್ತು ಇರುತ್ತೆ, ಯಾವಾಗ ಸ್ವಲ್ಪ ಪಕ್ಕಕ್ಕೆ ತಿರುಗ್ತು ಅನ್ನೋದು ಮೈಗೇ ಗೊತ್ತಿರುತ್ತೆ. ನಮ್ಮಜ್ಜಿ ಮೊರ ಎತ್ತೋಕೆ ಮುಂಚೆ ಒಂದು ಚಿಟಿಕೆ ಹೊಟ್ಟು ಬಿಟ್ಟು ನೋಡೋರು, ಹೊಟ್ಟು ಬಿದ್ದ ಕಡೆ ನೋಡಿ ತಾವು ನಿಂತ ಜಾಗ ಒಂದು ಹೆಜ್ಜೆ ಬದಲಾಯಿಸೋರು. ಸೇಯ್ಲಿಂಗ್‌ನಲ್ಲಿ ವಿಂಡ್ ಶಿಫ್ಟ್ ಅಂತ ದೊಡ್ಡ ಹೆಸರಿಟ್ಟು ಹೇಳೋದು ಇದನ್ನೇ.

ಒಂದು ವಾರ ಈ ಕೆಲಸ ಮಾಡಿ: ದಿನಾ ಸಂಜೆ ಟೆರೇಸ್ ಮೇಲೆ ಹತ್ತು ನಿಮಿಷ ನಿಂತು ಗಾಳಿ ಮುಖಕ್ಕೆ ನೇರ ಬಡಿಯೋ ಹಾಗೆ ತಿರುಗಿ, ಎರಡೂ ಕಿವಿಗೆ ಒಂದೇ ಸಮ ಸದ್ದು ಬರೋವರೆಗೆ. ಅದೇ ಗಾಳಿಯ ದಿಕ್ಕು. ಎದುರು ಯಾವ ತೆಂಗಿನ ಮರ, ಯಾವ ಟವರ್ ಕಾಣುತ್ತೆ ನೋಡ್ಕೊಳ್ಳಿ. ಎರಡು ನಿಮಿಷ ಬಿಟ್ಟು ಮತ್ತೆ ನೋಡಿ, ಮರ ಬದಲಾಗಿರುತ್ತೆ. ಆಷಾಢದಲ್ಲಿ ಮಾಡಿದ್ರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ, ಆಗ ಪಡುವಣದ ಗಾಳಿ ಜೋರು, ಗಾಳಿಪಟದ ಕಾಲ. ಗಾಳಿಪಟ ಹಾರಿಸಿದೋರಿಗೆ ಎಳೆದ್ರೆ ಏನಾಗುತ್ತೆ ಬಿಟ್ರೆ ಏನಾಗುತ್ತೆ ಅಂತ ಗೊತ್ತಲ್ಲ, ದೋಣಿಯ ಹಾಯಿಗೂ ಅದೇ, ಹಗ್ಗ ಎಳೆದ್ರೆ ಗಾಳಿ ಹಿಡಿಯುತ್ತೆ, ಬಿಟ್ರೆ ಪಟಪಟ ಹೊಡ್ಕೊಂಡು ಸುಮ್ಮನಾಗುತ್ತೆ. ಆ ಹಗ್ಗಕ್ಕೆ ಶೀಟ್ ಅಂತಾರೆ, ಹಾಯಿಗಲ್ಲ, ನಾನು ಮೊದಲ ದಿನ ಶೀಟ್ ಎಳಿ ಅಂದಾಗ ಹಾಯಿ ಬಟ್ಟೆ ಹಿಡ್ಕೊಂಡು ಎಳೆದೆ.

ಈ ಆಟಕ್ಕೆ ಬೇಕಾದ ನಿಯಮ ನಾಲ್ಕೇ

ವರ್ಲ್ಡ್ ಸೇಯ್ಲಿಂಗ್ ಅನ್ನೋ ಸಂಸ್ಥೆ ನಾಲ್ಕು ವರ್ಷಕ್ಕೊಂದು ಸಲ ರೂಲ್ಸ್ ಪುಸ್ತಕ ತರುತ್ತೆ, ಈಗ ನಡೀತಿರೋದು 2025-2028ರದ್ದು, ವೆಬ್‌ಸೈಟಲ್ಲಿ ಫ್ರೀ. ಅದರಲ್ಲಿ ಅಪೆಂಡಿಕ್ಸ್ ಸಿ ಅನ್ನೋದು ಮ್ಯಾಚ್ ರೇಸಿಂಗ್‌ಗೆ. ಪೂರ್ತಿ ಓದೋಕೆ ಹೋಗಿ ಬೇಜಾರಾಗಿ ಬಿಟ್ಟುಬಿಡ್ಬೇಡಿ, ಮೊದಲು ಇಷ್ಟು ಸಾಕು.

ಗಾಳಿ ನಿಮ್ಮ ಬಲಗಡೆಯಿಂದ ಬಂದ್ರೆ ನೀವು ಸ್ಟಾರ್‌ಬೋರ್ಡ್ ಟ್ಯಾಕ್, ಎಡಗಡೆಯಿಂದ ಬಂದ್ರೆ ಪೋರ್ಟ್ ಟ್ಯಾಕ್. ಇಬ್ಬರೂ ಬೇರೆ ಬೇರೆ ಟ್ಯಾಕಲ್ಲಿ ಎದುರಾದ್ರೆ ಪೋರ್ಟ್‌ನೋಳು ದಾರಿ ಬಿಡ್ಬೇಕು. ಇಬ್ಬರೂ ಒಂದೇ ಟ್ಯಾಕಲ್ಲಿ ಅಕ್ಕಪಕ್ಕ ಇದ್ರೆ ಗಾಳಿ ಮೇಲಿನ ಕಡೆ, ಅಂದ್ರೆ ಗಾಳಿ ಬರೋ ಕಡೆ ಇರೋಳು ಕೆಳಗಿನೋಳಿಗೆ ದಾರಿ ಬಿಡ್ಬೇಕು. ಹಿಂದೆ ಇರೋಳು ಮುಂದಿರೋಳಿಗೆ ಗುದ್ದಬಾರದು. ಟ್ಯಾಕ್ ತಿರುಗ್ತಾ ಇರೋಳಿಗೆ (ಮೂತಿನ ಗಾಳಿ ಎದುರಿಂದ ಹಾಯಿಸಿ ಗಾಳಿ ಇನ್ನೊಂದು ಪಕ್ಕಕ್ಕೆ ಬರೋ ಹಾಗೆ ತಿರುಗೋದು) ಆ ಹೊತ್ತಲ್ಲಿ ಯಾವ ಹಕ್ಕೂ ಇಲ್ಲ, ತಿರುಗಿ ಮುಗಿಯೋ ತನಕ ಅವಳೇ ಬೇರೆಯವರಿಂದ ದೂರ ಇರ್ಬೇಕು. ಈ ಕೊನೆಯದನ್ನ ನೆನಪಿಟ್ಕೊಳ್ಳಿ, ಇಡೀ ಮ್ಯಾಚ್ ರೇಸಿಂಗ್ ನಿಂತಿರೋದೇ ಇದರ ಮೇಲೆ, ಯಾಕೆ ಅಂತ ಮುಂದೆ ಹೇಳ್ತೀನಿ. ಮತ್ತೆ ಹಕ್ಕು ನಿಮ್ಮದೇ ಆದ್ರೂ ಎದುರಿನೋಳಿಗೆ ತಪ್ಪಿಸ್ಕೊಳ್ಳೋಕೆ ಜಾಗ ಕೊಡದೆ ದಿಢೀರ್ ಅಂತ ತಿರುಗಿದ್ರೆ ತಪ್ಪು ನಿಮ್ಮ ಮೇಲೇ ಬರುತ್ತೆ. ಹಕ್ಕಿದೆ ಅಂತ ಗುದ್ದೋ ಹಾಗೂ ಇಲ್ಲ, ಬಿ.ಎಚ್. ರೋಡಲ್ಲಿ ಹಸಿರು ಲೈಟ್ ಬಿತ್ತು ಅಂತ ಅಡ್ಡ ಬಂದ ಅಜ್ಜನ ಮೇಲೆ ಗಾಡಿ ಹತ್ತಿಸಲ್ಲ ತಾನೇ, ಹಾಗೆ.

ಫ್ಲೀಟ್ ರೇಸಲ್ಲಿ ತಪ್ಪಾಯ್ತೋ ಇಲ್ವೋ ಅನ್ನೋದು ಎಷ್ಟೋ ಸಲ ದಡಕ್ಕೆ ಬಂದ ಮೇಲೆ ವಿಚಾರಣೆ ಮಾಡಿ ತೀರ್ಮಾನ ಆಗುತ್ತೆ. ಇಲ್ಲಿ ಹಾಗಲ್ಲ, ಅಂಪೈರುಗಳು ಮೋಟಾರ್ ಬೋಟಲ್ಲಿ ನಿಮ್ಮ ಬೆನ್ನ ಹಿಂದೇನೇ ಬರ್ತಿರ್ತಾರೆ. ನಿಮಗೆ ಅನ್ಯಾಯ ಆಯ್ತು ಅನ್ಸಿದ್ರೆ ತಕ್ಷಣ ವೈ ಫ್ಲ್ಯಾಗ್ ಎತ್ಬೇಕು, ಕೆಂಪು ಹಳದಿ ಓರೆ ಪಟ್ಟೆ ಇರೋದು. ಅವರು ಹಸಿರು ಬಿಳಿ ಬಾವುಟ ತೋರಿಸಿದ್ರೆ ಯಾರಿಗೂ ಪೆನಾಲ್ಟಿ ಇಲ್ಲ ಆಟ ಮುಂದುವರಿಸಿ ಅಂತ. ಎರಡು ದೋಣಿಲಿ ಒಂದಕ್ಕೆ ನೀಲಿ, ಇನ್ನೊಂದಕ್ಕೆ ಹಳದಿ ಬಾವುಟ ಕಟ್ಟಿರ್ತಾರೆ, ನೀಲಿ ತೋರಿಸಿದ್ರೆ ನೀಲಿ ದೋಣಿಗೆ ಪೆನಾಲ್ಟಿ, ಹಳದಿ ತೋರಿಸಿದ್ರೆ ಹಳದಿಗೆ. ಜೊತೆಗೆ ಕೆಂಪೂ ಇದ್ರೆ ಆ ಪೆನಾಲ್ಟಿ ಆಗಿಂದಾಗ್ಲೇ ತೀರಿಸ್ಬೇಕು. ಕಪ್ಪು ಬಂದ್ರೆ ಕಥೆ ಮುಗೀತು.

ಪೆನಾಲ್ಟಿ ಅಂದ್ರೆ ದೋಣಿನ ಹೆಚ್ಚುಕಮ್ಮಿ ಮುಕ್ಕಾಲು ಸುತ್ತು ತಿರುಗಿಸೋದು, ಗಾಳಿಗೆ ಎದುರು ಹೋಗ್ತಿದ್ರೆ ಗಾಳಿಯಿಂದ ಆಚೆ ತಿರುಗಿ ಜೈಬ್ ಮಾಡಿ (ದೋಣಿಯ ಹಿಂಭಾಗ ಗಾಳಿ ಕಡೆ ಇಟ್ಕೊಂಡು ಹಾಯಿನ ಇನ್ನೊಂದು ಪಕ್ಕಕ್ಕೆ ದಾಟಿಸೋದು) ಮತ್ತೆ ಮೇಲಕ್ಕೆ ಬರೋದು. ಇದರ ಮಜಾ ಏನಂದ್ರೆ ಕೆಂಪು ಬಾವುಟ ಇಲ್ಲದಿದ್ರೆ ತಕ್ಷಣ ತೀರಿಸ್ಬೇಕಂತಿಲ್ಲ, ಸ್ಟಾರ್ಟ್ ಆದ್ಮೇಲೆ ಫಿನಿಶ್ ಒಳಗೆ ಯಾವಾಗ್ ಬೇಕಾದ್ರೂ ತೀರಿಸ್ಬಹುದು, ಸಾಲ ಥರ ಇಟ್ಕೊಂಡೇ ಓಡ್ಬಹುದು. ಅಷ್ಟರೊಳಗೆ ಎದುರಿನೋಳ ಕೈಲೂ ಒಂದು ತಪ್ಪು ಮಾಡಿಸಿದ್ರೆ ಎರಡೂ ವಜಾ. ಅದಕ್ಕೇ ಪೆನಾಲ್ಟಿ ಬಿತ್ತು ಅಂತ ಮುಖ ಬಾಡಿಸ್ಕೊಂಡು ಕೂರೋ ಟೀಮು ಸೋಲುತ್ತೆ. ಆದ್ರೆ ತೀರಿಸದ ಸಾಲ ಎರಡಕ್ಕಿಂತ ಜಾಸ್ತಿ ಆದ್ರೆ ಔಟ್.

ಸೈಕಲ್ ಡ್ರಿಲ್, ಇದೇ ನಮ್ಮ ತುಮಕೂರ್ ಸ್ಪೆಷಲ್

ಬೇಕಾಗಿರೋದು ಎರಡು ಸೈಕಲ್, ಒಂದು ಚೀಲ ಸುಣ್ಣದ ಪುಡಿ, ಮೂರು ಇಟ್ಟಿಗೆ, ಮೊಬೈಲ್ ಟೈಮರ್, ಮತ್ತೆ ನೀಲಿ ಹಳದಿ ಹಸಿರು ಮೂರು ದುಪಟ್ಟಾ. ದುಪಟ್ಟಾ ಅಂಪೈರ್ ಕೈಗೆ.

ಗಾಳಿ ಯಾವ ಕಡೆಯಿಂದ ಅಂತ ನೋಡಿ, ಅದಕ್ಕೆ ಅಡ್ಡವಾಗಿ ನಲವತ್ತು ಹೆಜ್ಜೆ ಉದ್ದದ ಗೆರೆ ಎಳೀರಿ, ಎರಡು ತುದಿಗೆ ಇಟ್ಟಿಗೆ. ಗಾಳಿ ಬರೋ ಕಡೆ ನೂರು ಹೆಜ್ಜೆ ಮೇಲೆ ಮೂರನೇ ಇಟ್ಟಿಗೆ, ಅದು ಮಾರ್ಕ್, ಅಂದ್ರೆ ಸುತ್ತಿ ಬರಬೇಕಾದ ಗುರುತು. ಈಗ ಸೈಕಲಿಗೆ ಮೂರು ಕಟ್ಟುಪಾಡು. ಒಂದು, ನೇರ ಗಾಳಿಗೆ ಮುಖ ಮಾಡಿ ತುಳಿಯೋ ಹಾಗಿಲ್ಲ, ಗಾಳಿಗೆ ಎರಡೂ ಕಡೆ 45 ಡಿಗ್ರಿ ಒಳಗೆ ಬಂದ್ರೆ ಪೆಡಲ್ ನಿಲ್ಲಿಸ್ಬೇಕು, ಯಾಕಂದ್ರೆ ದೋಣಿನೂ ಆ ಕೋನದಲ್ಲಿ ಓಡಲ್ಲ, ಓರೆ ಓರೆ ಹೋಗಿ ತಿರುಗಿ ತಿರುಗಿಯೇ ಮೇಲೆ ಹೋಗ್ಬೇಕು. ಎರಡು, ಬ್ರೇಕ್ ಮುಟ್ಟೋ ಹಾಗಿಲ್ಲ. ದೋಣಿಗೆ ಬ್ರೇಕ್ ಇಲ್ಲ. ನಿಧಾನ ಮಾಡ್ಬೇಕಂದ್ರೆ ಗಾಳಿ ಕಡೆ ತಿರುಗಿ ಪೆಡಲ್ ಬಿಡಿ. ಮೂರು, ಎದುರಿನ ಸೈಕಲ್ ನಿಮ್ಮ ಗಾಳಿ ಮೇಲ್ಗಡೆ ನಾಲ್ಕೈದು ಸೈಕಲ್ ಉದ್ದದೊಳಗೆ ಇದ್ರೆ ನೀವು ಅರ್ಧ ಸ್ಪೀಡಲ್ಲೇ ತುಳೀಬೇಕು, ಯಾಕಂದ್ರೆ ನೀರಲ್ಲಿ ಅವಳ ಹಾಯಿ ನಿಮ್ಮ ಗಾಳಿ ಕದ್ದಿರುತ್ತೆ. ಈ ಮೂರನೇದಕ್ಕೆ ಅಂಪೈರ್ ಗಟ್ಟಿ ಇರ್ಬೇಕು, ಇಲ್ದಿದ್ರೆ ಜಗಳ.

ಸ್ಟಾರ್ಟ್ ಹೀಗೆ. ಸೊನ್ನೆಗೆ ಐದು ನಿಮಿಷ ಇದೆ ಅನ್ನುವಾಗ ವಾರ್ನಿಂಗ್, ನಾಲ್ಕು ನಿಮಿಷ ಇದೆ ಅನ್ನುವಾಗ ಪ್ರಿಪರೇಟರಿ, ಅಂದ್ರೆ ತಯಾರಾಗಿ ಅನ್ನೋ ಸಿಗ್ನಲ್. ಆ ನಾಲ್ಕನೇ ನಿಮಿಷಕ್ಕೆ ನೀಲಿ ದೋಣಿ ಗೆರೆಯ ಎಡ ತುದಿಯ ಆಚೆ, ಹಳದಿ ಬಲ ತುದಿಯ ಆಚೆ ಇರ್ಬೇಕು. ಅಲ್ಲಿಂದ ಎರಡು ನಿಮಿಷದೊಳಗೆ ಇಬ್ಬರೂ ಮೇಲಿನ ಕಡೆಯಿಂದ ಗೆರೆ ದಾಟಿ ಕೆಳಗೆ ಬಂದುಬಿಡ್ಬೇಕು, ಲೇಟಾದ್ರೆ ಪೆನಾಲ್ಟಿ. ನನ್ನ ಮೊದಲ ಮ್ಯಾಚಲ್ಲಿ ಟೈಮ್ ನೋಡ್ಬೇಕಾದ ಹುಡುಗಿ ಎದುರು ದೋಣಿ ನೋಡ್ತಾ ಕೂತ್ಲು, ನಾನು ಅವಳನ್ನ ಬೈತಾ ಕೂತೆ, ಗೆರೆ ದಾಟೋಷ್ಟರಲ್ಲಿ ನೀಲಿ ಬಾವುಟ. ಅದಕ್ಕೇ ನಮ್ಮ ಗ್ರೌಂಡಲ್ಲಿ ನಾನು ಮೊದಲ ಮೂರು ಭಾನುವಾರ ಬರೀ ಎಂಟ್ರಿ ಮಾಡಿಸ್ದೆ, ರೇಸ್ ಇಲ್ಲ ಏನಿಲ್ಲ, ಗೆರೆ ಆಚೆ ನಿಂತು ಟೈಮರ್ ನೋಡಿ ಒಳಗೆ ಬರೋದು, ಮತ್ತೆ ಹೊರಗೆ ಹೋಗೋದು. ವಾಕಿಂಗ್ ಬರೋ ಒಬ್ಬ ಅಂಕಲ್ "ಇನ್ನೂ ಬ್ಯಾಲೆನ್ಸ್ ಬಂದಿಲ್ವೇನಮ್ಮ" ಅಂತ ಕೇಳಿ ಹೋದ್ರು.

ಒಳಗೆ ಬರೋವಾಗ ಹಳದಿಯೋಳು ಬಲದಿಂದ ಎಡಕ್ಕೆ ಬರ್ತಾಳೆ, ಗಾಳಿ ಅವಳ ಬಲಕ್ಕೆ, ಅಂದ್ರೆ ಸ್ಟಾರ್‌ಬೋರ್ಡ್, ಹಕ್ಕು ಅವಳದ್ದು. ನೀಲಿಯೋಳು ಪೋರ್ಟ್‌ನಲ್ಲಿ ಎದುರಿಗೆ ಬರ್ತಾಳೆ, ದಾರಿ ಬಿಡ್ಬೇಕಾದೋಳು ಅವಳು. ಹಳದಿ ನೇರವಾಗಿ ನೀಲಿ ಕಡೆಗೇ ಮೂತಿ ತಿರುಗಿಸ್ತಾಳೆ, ಬೇಟೆ ಥರ. ನೀಲಿ ಅವಳ ಮುಂದೆ ಹಾದು ಆಚೆ ಹೋಗೋಕಾದ್ರೆ ಬಚಾವ್, ಆಗದಿದ್ರೆ ಗಾಳಿಗೆ ಮುಖ ಮಾಡಿ ನಿಂತುಬಿಡ್ತಾಳೆ, ಹಳದಿನೂ ಪಕ್ಕದಲ್ಲೇ ನಿಲ್ತಾಳೆ. ಎರಡೂ ದೋಣಿ ಹಾಯಿ ಪಟಪಟ ಬಡ್ಕೊಂಡು ಒಂದರ ಪಕ್ಕ ಒಂದು ನಿಂತಲ್ಲೇ ತೇಲ್ತಾ ಇರ್ತವೆ, ಇದಕ್ಕೆ ಡಯಲ್ ಅಪ್ ಅಂತಾರೆ. ಮೊದಲ ಸಲ ನೋಡಿದೋರಿಗೆ ಇವರೇನು ರೇಸ್ ಆಡ್ತಿದಾರಾ ಕೆಟ್ಟು ನಿಂತಿದಾರಾ ಅನ್ಸುತ್ತೆ. ಇಲ್ಲಿ ಗೆಲ್ಲೋಳು ಯಾರು ಗೊತ್ತಾ, ನಮ್ಮ ಕಾಲೇಜ್ ಸ್ಪೋರ್ಟ್ಸ್ ಡೇನಲ್ಲಿ ಸ್ಲೋ ಸೈಕಲ್ ರೇಸ್ ಗೆಲ್ಲೋಳು. ಕಾಲು ಊರದೆ, ಮುಂದೂ ಹೋಗದೆ, ಹ್ಯಾಂಡಲ್ ಒಂಚೂರು ಆಡಿಸ್ತಾ ನಿಲ್ಲೋದು. ಮೊದಲು ಸಹನೆ ಕಳ್ಕೊಂಡು ಜಾರಿದೋಳ ಹಿಂದೆ ಇನ್ನೊಬ್ಬಳು ಬೀಳ್ತಾಳೆ.

ಹಿಂದೆ ಬೀಳೋದೇ ಇಲ್ಲಿ ಲಾಭ, ಇದನ್ನ ಅರಗಿಸ್ಕೊಳ್ಳೋಕೆ ನನಗೆ ತಿಂಗಳುಗಟ್ಟಲೆ ಬೇಕಾಯ್ತು. ಸ್ಟಾರ್ಟ್‌ಗೆ ಮುಂಚೆ ಮುಂದಿರೋಳು ಸಿಕ್ಕಾಕ್ಕೊಂಡ ಹಾಗೆ. ಹೇಳಿದ್ನಲ್ಲ, ತಿರುಗ್ತಾ ಇರೋಳಿಗೆ ಹಕ್ಕಿಲ್ಲ. ಹಿಂದಿರೋಳು ಅವಳ ಬಾಲಕ್ಕೆ ಅಂಟ್ಕೊಂಡು ಗಾಳಿ ಕೆಳಗಿನ ಪಕ್ಕಕ್ಕೆ ಮೂತಿ ತೂರಿಸಿಟ್ಟರೆ ಇವಳು ಜೈಬ್ ಮಾಡಿ ಕೆಳಕ್ಕೆ ತಿರುಗೋ ಹಾಗಿಲ್ಲ, ಮೇಲಿನ ಪಕ್ಕಕ್ಕೆ ಇಟ್ಟರೆ ಟ್ಯಾಕ್ ಮಾಡೋ ಹಾಗಿಲ್ಲ. ಗೆರೆಯಿಂದ ದೂರ ದೂರ ಓಡಿಸ್ಕೊಂಡು ಹೋಗಿ, ಟೈಮ್ ನೋಡ್ಕೊಂಡು, ತಾನು ಮೊದಲು ತಿರುಗಿ ಗೆರೆ ಕಡೆ ಹೊರಟುಬಿಟ್ರೆ ಅವಳು ಹಿಂದೆ ಉಳೀತಾಳೆ. ಅದನ್ನ ತಪ್ಪಿಸ್ಕೊಳ್ಳೋಕೆ ಮುಂದಿರೋಳು ರೌಂಡ್ ರೌಂಡ್ ಸುತ್ತೋಕೆ ಶುರು ಮಾಡ್ತಾಳೆ, ಹಿಂದಿನೋಳೂ ಸುತ್ತುತ್ತಾಳೆ, ಯಾರು ಯಾರನ್ನ ಅಟ್ಟಿಸ್ತಿದಾರೆ ಅಂತ ದಡದಲ್ಲಿ ನಿಂತೋರಿಗೆ ಗೊತ್ತಾಗಲ್ಲ. ಸೈಕಲಲ್ಲಿ ಇದನ್ನ ಹತ್ತು ಸಲ ಮಾಡಿ, ಮಂಡಿ ಒಂದೆರಡು ಸಲ ತರಚುತ್ತೆ, ಹೆಲ್ಮೆಟ್ ಹಾಕ್ಕೊಂಡೇ ಆಡಿ.

ಜೊತೆಗೆ ಟೈಮ್ ಅಂದಾಜು. ಗೆರೆಯಿಂದ ಬೇರೆ ಬೇರೆ ದೂರದಲ್ಲಿ ನಿಂತು "ಇಲ್ಲಿಂದ ಹನ್ನೆರಡು ಸೆಕೆಂಡ್" ಅಂತ ಮೊದಲು ಹೇಳ್ಬಿಟ್ಟು ಆಮೇಲೆ ತುಳಿದು ನೋಡಿ. ಒಬ್ಬಳು ಹಿಂದಿನ ಕ್ಯಾರಿಯರ್ ಮೇಲೆ ಕೂತು ಬರೀ ಸೆಕೆಂಡ್ ಕೂಗ್ತಿರ್ಲಿ. ಇದು ಬರೀ ಆಟದ ಮಾತಲ್ಲ, ದೋಣಿಲೂ ಕೆಲಸ ಹಂಚಿಕೆ ಹೀಗೇ ಇರುತ್ತೆ: ಚುಕ್ಕಾಣಿ ಹಿಡಿದೋಳು ಎದುರಿನ ದೋಣಿ ನೋಡ್ತಾಳೆ, ಇನ್ನೊಬ್ಬಳು ಟೈಮೂ ಗೆರೆಯ ದೂರವೂ ಹೇಳ್ತಾಳೆ, ಮೂರನೆಯವಳು ಮುಂದಿನ ಹಾಯಿ ಸಂಭಾಳಿಸ್ತಾಳೆ. ಬಾಯಿ ಕಮ್ಮಿ ಇರೋಳನ್ನ ಟೈಮಿಗೆ ಹಾಕ್ಬೇಡಿ.

ಸ್ಟಾರ್ಟ್ ಆದ್ಮೇಲೆ

ಮುಂದಿದ್ದೀರಾ, ಎದುರಿನೋಳನ್ನ ಬಿಡ್ಬೇಡಿ. ಅವಳು ಎಡಕ್ಕೆ ತಿರುಗಿದ್ರೆ ನೀವೂ ಎಡಕ್ಕೆ, ಬಲಕ್ಕೆ ಅಂದ್ರೆ ಬಲಕ್ಕೆ, ಅವಳಿಗೂ ಮಾರ್ಕಿಗೂ ನಡುವೆ ಇರಿ. ಇದನ್ನ ಕವರ್ ಮಾಡೋದು ಅಂತಾರೆ. ಒಂದ್ಸಲ ನಾನು ಆರೇಳು ದೋಣಿ ಉದ್ದ ಮುಂದಿದ್ದೆ, ಎಡಗಡೆ ನೀರು ಕಪ್ಪಗೆ ಕಂಡ್ತು, ಅಂದ್ರೆ ಅಲ್ಲಿ ಗಾಳಿ ಜಾಸ್ತಿ, ಇನ್ನೂ ದೊಡ್ಡದಾಗಿ ಗೆಲ್ಲೋಣ ಅಂತ ಆಸೆಗೆ ಆ ಕಡೆ ಹೋದೆ, ಅವಳು ಬಲಕ್ಕೆ ಹೋದ್ಲು. ಎರಡು ನಿಮಿಷಕ್ಕೆ ಗಾಳಿ ಬಲಕ್ಕೆ ತಿರುಗ್ತು. ಮತ್ತೆ ಎದುರಾದಾಗ ಅವಳು ನನ್ನ ಮುಂದೆ. ಆರು ದೋಣಿ ಅಂತರದಲ್ಲಿ ಗೆದ್ರೂ ಆರು ಇಂಚಲ್ಲಿ ಗೆದ್ರೂ ಇಲ್ಲಿ ಒಂದೇ ಪಾಯಿಂಟು, ಮತ್ಯಾಕೆ ಬೇಕಿತ್ತು ನನಗೆ.

ಹಿಂದಿದ್ದೀರಾ, ಟ್ಯಾಕ್ ಮೇಲೆ ಟ್ಯಾಕ್ ಮಾಡಿ ಅವಳನ್ನ ಸುಸ್ತು ಮಾಡ್ಸಿ, ಪ್ರತಿ ಸಲ ಅವಳೂ ತಿರುಗ್ಲೇಬೇಕು, ಎಲ್ಲೋ ಒಂದು ಕಡೆ ಹಗ್ಗ ಸಿಕ್ಕೊಳ್ಳುತ್ತೆ. ತಿರುಗೋ ಹಾಗೆ ನಟಿಸಿ ತಿರುಗದೇ ಇರೋದೂ ನಡೆಯುತ್ತೆ, ನಮ್ಮ ಕಬಡ್ಡಿ ಹುಡುಗಿಗೆ ಇದು ಪ್ರಾಣ. ಗಾಳಿ ಜೊತೆ ಕೆಳಗೆ ಇಳಿಯೋವಾಗ ಆಟ ಉಲ್ಟಾ, ಹಿಂದಿರೋಳ ಹಾಯಿ ಮುಂದಿರೋಳ ಗಾಳಿ ತಡೆಯುತ್ತೆ, ಆಗ ಹಿಂದೆ ಇರೋದೇ ಚಾನ್ಸು.

ಮಾರ್ಕ್ ಸುತ್ತೋದು ಮ್ಯಾಚ್ ರೇಸಲ್ಲಿ ಸಾಮಾನ್ಯವಾಗಿ ಬಲಕ್ಕೆ ಬಿಟ್ಕೊಂಡು, ಪ್ರದಕ್ಷಿಣೆ ಹಾಕೋ ಥರಾನೇ. ಇದರಿಂದ ಮೇಲಿನ ಮಾರ್ಕಿಗೆ ಕೊನೆಗೆ ಬರೋದು ಪೋರ್ಟ್ ಟ್ಯಾಕಲ್ಲಿ, ಅಂದ್ರೆ ಹಕ್ಕಿಲ್ಲದ ಕಡೆಯಿಂದ, ಅಲ್ಲೇ ಗಲಾಟೆ. ಮಾರ್ಕಿನ ಹತ್ರ ಜಾಗದ ನಿಯಮ ಶುರುವಾಗೋ ವಲಯ ಫ್ಲೀಟ್ ರೇಸಲ್ಲಿ ಮೂರು ದೋಣಿ ಉದ್ದ, ಇಲ್ಲಿ ಎರಡೇ. ಇಟ್ಟಿಗೆ ಸುತ್ತ ಎರಡು ಸೈಕಲ್ ಉದ್ದದ ವೃತ್ತ ಸುಣ್ಣದಲ್ಲಿ ಹಾಕಿಟ್ಟರೆ ಕಣ್ಣಿಗೆ ಅಭ್ಯಾಸ ಆಗುತ್ತೆ.

ಇನ್ನು ನೀರಿಗೆ

ಡ್ರಿಲ್ ಎಷ್ಟೇ ಮಾಡಿದ್ರೂ ದೋಣಿ ದೋಣಿನೇ. ಕಾಲೇಜಲ್ಲಿ ಎನ್‌ಸಿಸಿ ನೇವಲ್ ವಿಂಗ್ ಇದ್ರೆ ಅದೇ ಬೆಸ್ಟ್, ಅಲ್ಲಿ ಕೆಡೆಟ್‌ಗಳಿಗೆ ದೋಣಿ ಹುಟ್ಟು ಹಾಕೋದೂ ಸೇಯ್ಲಿಂಗೂ ಹೇಳ್ಕೊಡ್ತಾರೆ. ಡಿಗ್ರಿಗೆ ಬೇರೆ ಊರಿಗೆ ಹೋಗೋರು ಅಡ್ಮಿಷನ್ ಟೈಮಲ್ಲೇ ಇದನ್ನ ವಿಚಾರಿಸಿ. ಹತ್ತಿರದ್ದು ಅಂದ್ರೆ ಬೆಂಗಳೂರಿನ ಹಲಸೂರು ಕೆರೆ, ಅಲ್ಲಿ ಎಂಇಜಿಯವರ (ಮದ್ರಾಸ್ ಎಂಜಿನಿಯರ್ ಗ್ರೂಪ್) ತೃಷ್ಣಾ ಸೇಯ್ಲಿಂಗ್ ಕ್ಲಬ್ ಇದೆ. ಆರ್ಮಿಯವರದ್ದು, ಹಾಗಾಗಿ ಸುಮ್ನೆ ಹೋಗಿ ಗೇಟಲ್ಲಿ ನಿಲ್ಬೇಡಿ, ಮೊದಲೇ ಹೊರಗಿನವರಿಗೆ ಕೋರ್ಸ್ ಇದೆಯಾ ಅಂತ ಕೇಳ್ಕೊಂಡು ಹೋಗಿ. ತೃಷ್ಣಾ ಅನ್ನೋದು ನಮ್ಮ ಸೇನೆಯ ಎಂಜಿನಿಯರ್‌ಗಳು 1985ರಿಂದ 87ರವರೆಗೆ ಪ್ರಪಂಚ ಸುತ್ತಿ ಬಂದ ಹಾಯಿದೋಣಿಯ ಹೆಸರು. ತುಮಕೂರಿಂದ ಬಸ್ಸಲ್ಲಿ ಮಾದಾವರ ಅಥವಾ ನಾಗಸಂದ್ರಕ್ಕೆ ಹೋಗಿ ಮೆಟ್ರೋ ಹಸಿರು ಲೈನ್ ಹತ್ತಿ, ಮೆಜೆಸ್ಟಿಕಲ್ಲಿ ನೇರಳೆಗೆ ಬದಲಾಯಿಸಿದ್ರೆ ಹಲಸೂರು ಸ್ಟೇಷನ್. ದೂರ ಹೋಗೋಕಾಗೋರಿಗೆ ಹೈದರಾಬಾದಿನ ಹುಸೇನ್ ಸಾಗರ, ಚೆನ್ನೈನ ರಾಯಲ್ ಮದ್ರಾಸ್ ಯಾಟ್ ಕ್ಲಬ್ ಇವೆ. ಟೋಕಿಯೊ ಒಲಿಂಪಿಕ್ಸ್‌ಗೆ ಸೇಯ್ಲಿಂಗಲ್ಲಿ ಅರ್ಹತೆ ಪಡೆದ ನಮ್ಮ ದೇಶದ ಮೊದಲ ಹೆಣ್ಣುಮಗಳು ನೇತ್ರಾ ಕುಮನನ್ ಚೆನ್ನೈಯವಳೇ.

ಮೊದಲ ದಿನವೇ ಮ್ಯಾಚ್ ರೇಸ್ ಹೇಳ್ಕೊಡಿ ಅಂತ ಕೇಳ್ಬೇಡಿ. ಟ್ಯಾಕ್, ಜೈಬ್, ನಿಲ್ಲಿಸೋದು, ಮಗುಚಿದ ದೋಣಿ ಎತ್ತೋದು, ಈ ನಾಲ್ಕು ಸರಾಗ ಆಗ್ಲಿ. ಆಮೇಲೆ ಕೋಚ್ ಹತ್ರ ಒಂದೇ ಥರದ ಎರಡು ದೋಣಿ ಮತ್ತೆ ಎರಡು ಬೂಯ್ (ನೀರಲ್ಲಿ ತೇಲೋ ಗುರುತು) ಕೇಳಿ, ಸೈಕಲಲ್ಲಿ ಮಾಡಿದ್ದನ್ನೇ ಮಾಡಿ: ಮೊದಲು ಬರೀ ಎಂಟ್ರಿ, ಆಮೇಲೆ ಡಯಲ್ ಅಪ್, ಆಮೇಲೆ ಸ್ಟಾರ್ಟ್ ಆಗಿ ಒಂದು ನಿಮಿಷಕ್ಕೆ ನಿಲ್ಲಿಸಿ ವಾಪಸ್. ಒಂದು ಮಧ್ಯಾಹ್ನಕ್ಕೆ ಎರಡು ಪೂರ್ತಿ ರೇಸ್ ಆಡೋ ಬದಲು ಹದಿನೈದು ಸ್ಟಾರ್ಟ್ ಆಡಿದ್ರೆ ಕಲಿಯೋದು ಜಾಸ್ತಿ.

ಮನೆಯವರ ವಿಷಯ. ಬಿಸಿಲಿಗೆ ಕಪ್ಪಾಗ್ತೀಯ ಅಂತಾರೆ, ಹೌದು ಆಗ್ತೀರ, ಫುಲ್ ತೋಳಿನ ಟೀಶರ್ಟ್ ಟೋಪಿ ಹಾಕಿ, ಮಿಕ್ಕಿದ್ದು ಹಾಗೇ. ಜಡೆ ಬಿಗಿಯಾಗಿ ಕಟ್ಟಿ ಒಳಗೆ ಸೇರಿಸಿ, ಹಗ್ಗದ ರಾಟೆಗೆ ಕೂದಲು ಸಿಕ್ಕೋದು ನೋಡಿದೀನಿ. ಬಳೆ, ಸರ, ದೊಡ್ಡ ಓಲೆ ಮನೇಲಿಟ್ಟು ಬನ್ನಿ. ಪೀರಿಯಡ್ಸ್ ದಿನ ಹೋಗಲೇಬೇಕು ಅಂತೇನಿಲ್ಲ, ಹೋದ್ರೆ ಬಟ್ಟೆ ಬದಲಾಯಿಸೋಕೆ ಟಾಯ್ಲೆಟ್ ಎಲ್ಲಿದೆ ಅಂತ ನೀರಿಗಿಳಿಯೋಕೆ ಮುಂಚೆ ನೋಡ್ಕೊಳ್ಳಿ, ಕೇಳೋಕೆ ನಾಚ್ಕೋಬೇಡಿ. ಮತ್ತೆ ತಿರುಗೋವಾಗ ಬೂಮ್, ಅಂದ್ರೆ ಹಾಯಿಯ ಕೆಳಗಿನ ಅಡ್ಡ ಕೋಲು, ತಲೆ ಎತ್ತರಕ್ಕೇ ಬೀಸಿ ಬರುತ್ತೆ. "ಟ್ಯಾಕಿಂಗ್" ಅಂತ ಕೂಗು ಕೇಳಿದ ತಕ್ಷಣ ತಲೆ ತಗ್ಗಿಸಿ, ಯಾಕೆ ಏನು ಅಂತ ತಿರುಗಿ ನೋಡೋಕೆ ಹೋಗಿ ನನ್ನ ಹುಬ್ಬಿನ ಮೇಲೆ ಮೂರು ಹೊಲಿಗೆ ಬಿದ್ದಿದೆ, ಅಮ್ಮನಿಗೆ ಇವತ್ತಿಗೂ ಬಾತ್‌ರೂಮಲ್ಲಿ ಜಾರಿ ಬಿದ್ದೆ ಅಂತಾನೇ ಹೇಳಿದೀನಿ.

ನಮ್ಮ ನಾಲ್ಕು ಜನ ಸದ್ಯ ಈಜಲ್ಲಿ ಪಾಸು, ಸೈಕಲಲ್ಲಿ ಮೂವರು ಪಾಸು, ಒಬ್ಬಳು ಇನ್ನೂ ಬ್ರೇಕ್ ಹಿಡೀತಾಳೆ. ಮುಂದಿನ ಭಾನುವಾರ ಬೆಳಿಗ್ಗೆ ಆರೂವರೆಗೆ ಮತ್ತೆ ಗ್ರೌಂಡು, ಈ ಸಲ ಅವಳ ಸೈಕಲ್ಲಿನ ಬ್ರೇಕ್ ವೈರ್ ಬಿಚ್ಚಿಟ್ಟೇ ಆಡ್ಸೋದು ಅಂತ ಉಳಿದ ಮೂವರು ಮಾತಾಡ್ಕೊಂಡಿದಾರೆ, ನಾನು ಬೇಡ ಅಂದಿದೀನಿ.